ಕಲ್ಲಿನ ಮೇಲಿನ ವಚನ

ಕೊಡಿಗೇಹಳ್ಳಿಯ ನಮ್ಮ ಸಭೆಯಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಬಿಡಿ ವಚನ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಒಂದು ಸಾಲು ಹೇಳಿದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, "ಹಿಂದಿಂದೂ ಓದಿ, ಮುಂದಿಂದೂ ಓದಿ" ಅನ್ನುತ್ತಿದ್ದರು.

ನಾವು ಅಗಲಿರುವಾಗ ದೇವರು ನಮ್ಮಿಬ್ಬರನ್ನೂ ನೋಡಿಕೊಳ್ಳಲಿ ಎಂಬ ಅರ್ಥದ ವಚನವನ್ನು ಮದುವೆ ಕಾರ್ಡಿಗೆ ಹಾಕಿಸಿದವರ ಕಥೆಯಂತೂ ಮುಗಿಯಿತು. "ಅದು ಪ್ರೀತಿ ಮಾತಲ್ಲ ಕಣ್ರೀ. ಲಾಬಾನ ತನ್ನ ಅಳಿಯ ಯಾಕೋಬನನ್ನ ನಂಬದೆ ಹೇಳಿದ್ದು. ಇಲ್ಲಿ ನೋಡಿಕೊಳ್ಳೋದು ಅಂದ್ರೆ ಕಾಪಾಡೋದಲ್ಲ, ಕಣ್ಣಿಡೋದು."

ಮೇಷ್ಟ್ರ ಹೆಂಡತಿ ತೀರಿಕೊಂಡು ವರ್ಷವಾದಾಗ ಅವರ ಜೊತೆ ಸಮಾಧಿಗೆ ಹೂವಿಡಲು ಹೋಗಿದ್ದೆ. ಕಲ್ಲಿನ ಮೇಲೆ ಅದೇ ವಚನ ಕೆತ್ತಿಸಿದ್ದರು. ಅವರ ಶಿಷ್ಯೆ ಅನ್ನುವ ಜಂಬ ನನಗೆ, ಬಾಯಿ ಸುಮ್ಮನಿರಲಿಲ್ಲ.

"ಮೇಷ್ಟ್ರೇ, ಇದರ ಹಿಂದಿಂದು ಓದಿದ್ರೆ..."

"ಗೊತ್ತಮ್ಮ," ಅಂದರು. ಕನ್ನಡಕ ಹಣೆಗೇರಲಿಲ್ಲ. "ನಾನು ಬೇರೆ ಊರಿಗೆ ಪಾಠಕ್ಕೆ ಹೊರಟಾಗೆಲ್ಲ ಬಾಗಿಲಲ್ಲಿ ನಿಂತು ಇದನ್ನೇ ಹೇಳೋಳು. ಅರ್ಧಕ್ಕೇ ತಡೆದು ಲಾಬಾನನ ಕಥೆ ತೆಗೀತಿದ್ದೆ. ಒಂದ್ ಸಲಾನೂ ಪೂರ್ತಿ ಹೇಳಕ್ಕೆ ಬಿಡ್ಲಿಲ್ಲ."