ಕಂಪ್ಲಿಯಿಂದ ಬಂದ ಹಗೂರ ಸೈಕಲ್ಲು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಕಡ್ಡಿರಾಂಪುರದ ಇಡ್ಲಿ ಹೋಟೆಲಿನ ಮುಂದೆ, ನನ್ನ ಹೊಸ ಸೈಕಲ್ಲನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆ.

ಸೈಕಲ್ಲನ್ನು ಹತ್ತುತ್ತಾರೆ, ತುಳಿಯುತ್ತಾರೆ, ತೀರಾ ಆಗದಿದ್ದರೆ ತಳ್ಳುತ್ತಾರೆ. ಎತ್ತುವುದು ಯಾಕೆ? ನಮ್ಮ ಹೊಸಪೇಟೆಯ ಭಾನುವಾರದ ಸೈಕಲ್ ಬಳಗ ನಿಮಗೆ ಗೊತ್ತಿಲ್ಲ ಅಂತಾಯಿತು. ನಮ್ಮಲ್ಲಿ ಮೊದಲು ಎತ್ತುವುದು, ಆಮೇಲೆ ಹತ್ತುವುದು.

ಯಾರಾದರೂ ಹೊಸ ಸೈಕಲ್ ತಂದರೆ ಅದನ್ನು ಹೋಟೆಲಿನ ಕಲ್ಲುಕಟ್ಟೆಗೆ ಒರಗಿಸಬೇಕು. ಚೈನ್ ಇರುವ ಬದಿ ಜನರ ಕಡೆಗಿರಬೇಕು. (ಚೈನ್ ಕಾಣದ ಫೋಟೊ ಹಾಕಿದವರನ್ನು ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನ ಯಾರೂ ಮಾತಾಡಿಸುವುದಿಲ್ಲ.) ಆಮೇಲೆ ಮಾಲೀಕರು ಕೈ ಕಟ್ಟಿ ಪಕ್ಕಕ್ಕೆ ನಿಂತು, ಏನೂ ಅಲ್ಲವೆಂಬಂತೆ, "ಎತ್ತಿ ನೋಡ್ರಿ" ಅನ್ನಬೇಕು. ಒಬ್ಬೊಬ್ಬರೇ ಬಂದು ಎತ್ತುತ್ತಾರೆ. ಒಂದು ಕೈಯಲ್ಲಿ ಎದ್ದರೆ "ಚಲೋ ಐತಿ." ಎರಡು ಬೆರಳಿಗೆ ಎದ್ದರೆ "ಮಸ್ತ್!" ಆಮೇಲೆ ಚಟ್ನಿ ಆರಿದರೂ ಮಾತು ಆರುವುದಿಲ್ಲ. ಫೋರ್ಕ್ ಎಲ್ಲಿಂದ ತರಿಸಿದ್ರಿ, ಚಕ್ರ ಯಾರು ಕಟ್ಟಿದ್ರು, ಸೀಟು ಯಾವುದು? ಮಗುವನ್ನು ತೊಟ್ಟಿಲಿಗೆ ಹಾಕಿದ ಮನೆಯಲ್ಲೂ ಇಷ್ಟು ಕೊಂಡಾಟ ಇರುವುದಿಲ್ಲ.

ಈ ವಿದ್ಯೆಯಲ್ಲಿ ಎಲ್ಲರ ಗುರು ನಮ್ಮ ಬಳಗದ ಅಡ್ಮಿನ್ ಗುರುರಾಜ್. ಒಳ್ಳೆಯ ಮನುಷ್ಯ, ಕಾರ್ಖಾನೆಯಲ್ಲಿ ಇಂಜಿನಿಯರ್. ತಮ್ಮ ಸೈಕಲ್ಲನ್ನು ಬಿಡಿಬಿಡಿಯಾಗಿ ತರಿಸಿ ತಾವೇ ಜೋಡಿಸಿದವರು. ಮಡ್‌ಗಾರ್ಡ್ ತೆಗೆದರು, ಸ್ಟ್ಯಾಂಡ್ ತೆಗೆದರು, ಕೊನೆಗೆ ಭಾರ ಅಂತ ಬೆಲ್ಲನ್ನೂ ತೆಗೆದರು. ಈಗ ಹಂಪಿ ಬಜಾರಿನಲ್ಲಿ ಪ್ರವಾಸಿಗರ ನಡುವೆ "ಸೈಡ್ ಸೈಡ್, ಸೈಡ್ ರೀ" ಅಂತ ಬಾಯಲ್ಲೇ ಬೆಲ್ ಹೊಡೆಯುತ್ತಾ ಹೋಗುತ್ತಾರೆ.

ನಾನು ಈ ಬಳಗದ ಬಾಲ. ಐವತ್ತು ದಾಟಿದ ಕಾಲೇಜು ಮೇಡಂ. ಉಳಿದವರು ಇಡ್ಲಿ ಮುಗಿಸಿ ಚಹಾ ಹೇಳುವ ಹೊತ್ತಿಗೆ ನಾನು ಬೆವರು ಒರೆಸುತ್ತಾ ಬಂದು ಸೇರುತ್ತೇನೆ. ಅದಕ್ಕೆ ಬೇಸರವಿಲ್ಲ. ನನ್ನ ಸಂಕಟ ಬೇರೆಯದು, ಸಂಡೂರಿನದು.

ಮಳೆಗಾಲದ ಕೊನೆಗೆ ಸಂಡೂರಿನ ಗುಡ್ಡಗಳನ್ನು ನೋಡಿದ್ದೀರಾ? ಬೇಸಿಗೆಯಲ್ಲಿ ಕೆಂಪು ಧೂಳು ಹೊದ್ದು ಮಲಗಿದ್ದ ಗುಡ್ಡಗಳು ಹಸಿರು ಉಟ್ಟು ಎದ್ದಿರುತ್ತವೆ. ಮೋಡಗಳು ರಸ್ತೆಯವರೆಗೂ ಇಳಿದು ಬರುತ್ತವೆ. ಆಗ ನಮ್ಮ ಬಳಗ ಹೊಸಪೇಟೆಯಿಂದ ಸಂಡೂರಿಗೆ ಹೊರಡುತ್ತದೆ. ಹಿಂದೆ ಒಂದು ಕಾರು. ಅದರಲ್ಲಿ ಟಿಫನ್ ಡಬ್ಬಿಗಳು. ಓಡಿಸುವವರು ಗುರುರಾಜರ ಹೆಂಡತಿ ರಮಾ. ಯಾರು ಸೋಲುತ್ತಾರೋ ಅವರು ಕಾರು ಹತ್ತಬೇಕು. ಪ್ರತಿ ವರ್ಷ ಸೋಲುವವರು ಯಾರು? ಗುಡ್ಡದ ಅರ್ಧ ಏರಿನಲ್ಲಿ ನನ್ನ ಕಾಲು ನಿಲ್ಲುತ್ತದೆ. ಸೈಕಲ್ಲು ಕಾರಿನ ತಲೆಯ ಮೇಲೆ, ನಾನು ಇಡ್ಲಿ ಡಬ್ಬಿಯ ಪಕ್ಕದಲ್ಲಿ. ಸಂಡೂರಿನಲ್ಲಿ ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಇಡ್ಲಿಗೆ.

ಈ ಸಲ ಗುರುರಾಜ್ ಮೊದಲೇ ಹೇಳಿಬಿಟ್ಟರು. "ಮೇಡಂ, ಸುಮ್ಮನ ಯಾಕ ತ್ರಾಸು? ಊರಿಂದನ ಕಾರಿನಾಗ ಕೂತು ಬಂದುಬಿಡ್ರಿ. ರಮಾಗೂ ಜೊತಿ ಆಗ್ತದ."

ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಚುರುಕ್ ಅಂತು. ಈ ವರ್ಷ ಏನೇ ಆಗಲಿ, ಸಂಡೂರಿಗೆ ಸೈಕಲ್ ಮೇಲೆಯೇ ಹೋಗಬೇಕು, ಕಾರು ಹತ್ತಬಾರದು ಅಂತ ಅವತ್ತೇ ಹಟ ಹಿಡಿದೆ. ತಪ್ಪು ನನ್ನ ಕಾಲಿನದಲ್ಲ, ಸೈಕಲ್ಲಿನದು ಅಂತ ತೀರ್ಮಾನಿಸಿದೆ. (ನಾವೆಲ್ಲ ಹೀಗೆಯೇ ತಾನೆ?)

ಕಂಪ್ಲಿಯಲ್ಲಿ ಅಕ್ಕಿ ಮಿಲ್ ಇರುವ ವೀರೇಶಪ್ಪ ನಮ್ಮ ದೂರದ ನೆಂಟರು. ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಅವರದೊಂದು ಹುಚ್ಚು: ಸೈಕಲ್ ಕಟ್ಟುವುದು. ಭತ್ತದ ಸುಗ್ಗಿ ಇಲ್ಲದ ದಿನಗಳಲ್ಲಿ ಪೈಪು ಕೊಯ್ದು, ಬೆಸೆದು, ಬಣ್ಣ ಹೊಡೆದು, ಬೇಕಾದವರಿಗೆ ಬೇಕಾದ ಹಾಗೆ ಸೈಕಲ್ ಮಾಡಿಕೊಡುತ್ತಾರೆ. ತಮ್ಮ ಸೈಕಲ್ಲಿನಂಥ ಸೈಕಲ್ಲು ಇಡೀ ಇಂಡಿಯಾದಲ್ಲಿ ಇಲ್ಲ ಅನ್ನುವುದು ಅವರ ಅಭಿಪ್ರಾಯ. ನಾವು ಕೇಳದಿದ್ದರೂ ಹೇಳುತ್ತಾರೆ.

ಬಸ್ಸಿನಲ್ಲಿ ಕಂಪ್ಲಿಗೆ ಹೋದೆ. "ಸಂಡೂರು ಗುಡ್ಡ ಹತ್ತಬೇಕ್ರಿ. ಸೈಕಲ್ಲು ಹಗೂರ ಇರಬೇಕು. ಭಾಳ ಹಗೂರ" ಅಂದೆ.

"ಎಷ್ಟು ಹಗೂರ ಅಕ್ಕಾರ?"

"ನಿಮ್ಮ ಕೈಲೆ ಎಷ್ಟಾಗತೈತೋ ಅಷ್ಟೂ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆತು ಬಿಡ್ರಿ. ನಿಮ್ಮ ವಯಸ್ಸಿಗೆ ಅದ ಚಲೋ."

ವಯಸ್ಸಿನ ಮಾತು ಯಾಕೆ ಬಂತು ಅಂತ ನನಗೆ ಅರ್ಥವಾಗಲಿಲ್ಲ. ಸೈಕಲ್ಲು ಬಂದ ಮೇಲೆ ಅರ್ಥವಾಯಿತು.

ಏನು ಸೈಕಲ್ಲು ಅಂತೀರಿ! ನಾಟಿ ಮಾಡಿದ ಭತ್ತದ ಎಳೆ ಹಸಿರು ಬಣ್ಣ. ಹೋರಿಯ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್. ಮಣೆಯಷ್ಟು ಅಗಲದ ಸ್ಪ್ರಿಂಗ್ ಸೀಟು, ದಪ್ಪ ಟೈರು, ಹಿಂದೆ ಕ್ಯಾರಿಯರ್, ಪೂರ್ತಿ ಮುಚ್ಚಿದ ಚೈನ್‌ಕೇಸು, ದೇವರ ಮನೆಯ ಗಂಟೆಯಂತೆ ಕೇಳುವ ಬೆಲ್ಲು. ಮಿಲ್ಲಿನ ಲಾರಿ ಅದನ್ನು ನೇರ ಹೋಟೆಲಿನ ಮುಂದೆಯೇ ಇಳಿಸಿ ಹೋಗಿತ್ತು. ನಾನೂ ಸಂಭ್ರಮದಿಂದ ಕಡ್ಡಿರಾಂಪುರದ ಕಟ್ಟೆಗೆ ಒರಗಿಸಿ, ಕೈ ಕಟ್ಟಿ, "ಎತ್ತಿ ನೋಡ್ರಿ" ಅಂದೆ. ಗುರುರಾಜ್ ಎರಡು ಬೆರಳು ಹಾಕಿದರು. ಅಲುಗಲಿಲ್ಲ. ಒಂದು ಕೈ ಹಾಕಿದರು. ಊಹೂಂ. "ಇದೇನು ಮೇಡಂ, ಅಕ್ಕಿ ಮೂಟಿ ಸಮೇತ ಕಳಿಸ್ಯಾರೇನು?" ಅಂದರು. ನಾನು ನಂಬದೆ ಎತ್ತಲು ಹೋದೆ. ಸೊಂಟದ ಕಥೆ ಆಗಲೇ ಹೇಳಿದ್ದೇನೆ.

ಬಳಗವೆಲ್ಲ ನಗುತ್ತಿರುವಾಗಲೇ ವೀರೇಶಪ್ಪನವರಿಗೆ ಫೋನ್ ಮಾಡಿದೆ. "ಏನ್ರಿ ಇದು, ಇಷ್ಟು ಭಾರ ಐತಿ?"

"ಭಾರ ಇದ್ರನ ಹಗೂರ ಹೋಗೋದು, ಅಕ್ಕಾರ!"

ಆಗ ತಲೆಗೆ ಹೊಳೆಯಿತು. ನಮ್ಮ ಕಡೆ ಹಗೂರ ಅಂದರೆ ತೂಕ ಕಡಿಮೆ. ನಮ್ಮ ಕಡೆಯೇ ಹಗೂರ ಅಂದರೆ ನಿಧಾನ, ಸಾವಕಾಶ. ಊರಿಗೆ ಹೊರಟವರಿಗೆ ಬಾಗಿಲಲ್ಲಿ ನಿಂತು "ಹಗೂರ ಹೋಗ್ರಿ" ಅನ್ನುವುದಿಲ್ಲವೇ? ಬಸ್ಸಿನಿಂದ ಇಳಿಯುವ ಅಜ್ಜಿಗೆ ಕಂಡಕ್ಟರ್ "ಹಗೂರ, ಹಗೂರ" ಅನ್ನುವುದಿಲ್ಲವೇ? ನಾನು ತೂಕ ಕೇಳಿದ್ದೆ. ಅವರು ವೇಗ ಕೇಳಿಸಿಕೊಂಡರು. ಹಗೂರ ಹೋಗುವುದಕ್ಕೆಂದೇ ಒಂದು ಸೈಕಲ್ಲು ಕಟ್ಟಿಬಿಟ್ಟರು. ಕನ್ನಡ ಪಾಠ ಮಾಡುವವಳಿಗೆ ಕನ್ನಡವೇ ಕೈಕೊಟ್ಟಿತು.

"ನಾ ಅಂದಿದ್ದು ತೂಕದ ಮಾತು" ಅಂದರೆ ವೀರೇಶಪ್ಪನವರಿಗೆ ಸಿಟ್ಟೇ ಬಂತು. "ಹಂಗಾರ ಲೈಟ್‌ವೇಟ್ ಅಂತ ಸರಿಯಾಗಿ ಕನ್ನಡದಾಗ ಹೇಳಬೇಕಿತ್ರಿ!"

ಬೇಕಾದರೆ ವಾಪಸ್ ಕಳಿಸಿ, ಬೇರೆ ಕಟ್ಟಿಕೊಡುತ್ತೇನೆ ಅಂದರು. ಆದರೆ ಸಂಡೂರಿನ ಭಾನುವಾರ ಎದುರಿಗೇ ಬಂದಿತ್ತು. ಹಳೆಯ ಸೈಕಲ್ಲನ್ನು ಆಗಲೇ ಓರಗಿತ್ತಿಯ ಮನೆಗೆ ಕೊಟ್ಟಾಗಿತ್ತು. ಮಾಡಿದ್ದುಣ್ಣೋ ಮಹಾರಾಯ.

ಆ ವಾರ ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ದಿನಾ ಬೆಳಗ್ಗೆ ಒಬ್ಬಳೇ ಹಂಪಿಯ ಕಡೆಗೆ ಹೊರಟೆ. ಅದು ನಿಜಕ್ಕೂ ಹಗೂರ ಹೋಗುತ್ತಿತ್ತು. ಅವಸರ ಮಾಡಿದರೂ ಕೇಳುತ್ತಿರಲಿಲ್ಲ. ಪೆಡಲ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ರಸ್ತೆ ಮಾತ್ರ ತನಗೆ ತಿಳಿದಷ್ಟೇ ಸರಿಯುತ್ತಿತ್ತು. ಬಾಳೆತೋಟದಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಕಾಲುವೆಯ ನೀರು ನನಗಿಂತ ಸ್ವಲ್ಪ ಮುಂದೆ ಹೋಗುತ್ತಿತ್ತು. ಒಂದರ ಮೇಲೊಂದು ಕೂತ ಬಂಡೆಗಳು ಈಗ ಬೀಳುತ್ತೇವೆ, ಇನ್ನೊಂದು ಗಳಿಗೆಗೆ ಬೀಳುತ್ತೇವೆ ಅನ್ನುತ್ತಾ ಇನ್ನೂ ಕೂತೇ ಇದ್ದವು. ಬಜಾರಿನ ಕಲ್ಲಿನ ಮಂಟಪಗಳ ಸಾಲಿನಲ್ಲಿ ಬಿಸಿಲು ಕಂಬದಿಂದ ಕಂಬಕ್ಕೆ ನಡೆದು ಹೋಗುವುದನ್ನು ನೋಡಿದೆ. ಎಚ್ಚರವಿದ್ದೇ ಕನಸು ಕಾಣುವಷ್ಟು ವೇಗ ಅದು. ಸುಖವಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಸಂಡೂರಿನ ಚಿಂತೆ ಸುಖದ ಕ್ಯಾರಿಯರಿನ ಮೇಲೆ ಕೂತೇ ಇತ್ತು.

ಭಾನುವಾರ ಬಂತು. ಊರು ದಾಟುವ ಮೊದಲೇ ಬಳಗ ಕಣ್ಮರೆ. ಉಳಿದದ್ದು ನಾನು, ನನ್ನ ಹಿಂದೆ ರಮಾಳ ಕಾರು.

ಏರು ಶುರುವಾಯಿತು. ಅದಿರಿನ ಲಾರಿಗಳು ಗುರುಗುಟ್ಟುತ್ತಾ ಪಕ್ಕದಲ್ಲಿ ಹೋದವು. ಕೆಂಪು ಕೆಸರು ಸಾಕ್ಸಿನವರೆಗೂ ಹಾರಿತು. ಪ್ರತಿ ವರ್ಷ ಕಾಲು ನಿಲ್ಲುವ ತಿರುವು ಬಂತು. ನಿಲ್ಲಲಿಲ್ಲ! ವೀರೇಶಪ್ಪ ಹಾಕಿದ್ದ ಗಿಯರಿಗೆ ಗುಡ್ಡವೂ ಒಂದೇ, ಅಂಗಳವೂ ಒಂದೇ. ನಡೆಯುವವರ ವೇಗದಲ್ಲಿ, ಆದರೆ ಸೀಟಿನಿಂದ ಏಳದೆ, ಹತ್ತುತ್ತಲೇ ಹೋದೆ. ಲಾರಿಗಳ ನಡುವೆ ಜಾಗ ಸಿಕ್ಕಾಗ ಕಾರು ಮೊದಲನೇ ಗಿಯರಿನಲ್ಲಿ ನನ್ನ ಪಕ್ಕಕ್ಕೇ ಬರುತ್ತಿತ್ತು.

"ಅಕ್ಕಾ, ಸಾಕ್ ಬರ್ರಿ. ಇಡ್ಲಿ ಆರ್ಲಿಕ್ಕತ್ಯಾವ" ಅಂದಳು ರಮಾ, ಕಿಟಕಿಯಿಂದ.

"ಆರಲಿ ಬಿಡು."

ಸ್ವಲ್ಪ ಹೊತ್ತಾದ ಮೇಲೆ ಕರೆಯುವುದನ್ನು ಬಿಟ್ಟಳು. ಸುಮ್ಮನೆ ಸೈಕಲ್ಲನ್ನೇ ನೋಡುತ್ತಾ ಬಂದಳು. "ಸೀಟು ಮೆತ್ತಗದ ಏನು?" ಅಂದಳು. ಮತ್ತೊಂದು ತಿರುವಿನಲ್ಲಿ, "ಚೈನ್‌ಕೇಸ್ ಪೂರಾ ಮುಚ್ಚೇದ. ಸೀರಿ ಸಿಗಂಗಿಲ್ಲ ಅಲ್ಲಕ್ಕಾ?"

ಸೀರೆ ಚೈನಿಗೆ ಸಿಗುವುದು ಯಾರಿಗೆ ಗೊತ್ತಿರುತ್ತದೆ ಹೇಳಿ? ನಾನು ತಿರುಗಿ ನೋಡಿದೆ. "ನಿನಗ ಸೈಕಲ್ ಬರತೈತೇನು?"

"ನನ್ನ ತವರು ಕಂಪ್ಲಿ ಅಲ್ಲೇನಕ್ಕಾ? ಕಾಲುವಿ ಏರಿ ಮ್ಯಾಲೇ ಹೈಸ್ಕೂಲಿಗೆ ಹೋಗ್ತಿದ್ದೆ. ಹಿಂದ ಗೆಳತಿ ಕೂಡ್ತಿದ್ದಳು. ಒಂದು ಕಡೆ ನೀರು, ಒಂದು ಕಡೆ ಭತ್ತದ ಗದ್ದಿ. ಎರಡೂ ಕೈ ಬಿಟ್ಟು ಹೊಡೀತಿದ್ದೆ. ಈಗ್ಲೂ ಒಮ್ಮೊಮ್ಮೆ ಕನಸಿನಾಗ ಹೊಡೀತೀನಿ. ಎಚ್ಚರಾದ್ರ ಕಾಲು ಅಲುಗ್ತಿರ್ತಾವ."

ಇಷ್ಟು ಹೇಳಿ ನಕ್ಕಳು. ಮೋಡವೊಂದು ಅಡ್ಡ ಬಂದು ಕಾರೂ ಕಾಣಲಿಲ್ಲ, ಅವಳೂ ಕಾಣಲಿಲ್ಲ. ಇಂಜಿನ್ನಿನ ಸದ್ದು ಮಾತ್ರ ಪಕ್ಕದಲ್ಲಿತ್ತು. ಪ್ರತಿ ವರ್ಷ ಈ ಹೆಣ್ಣಿನ ಪಕ್ಕದಲ್ಲಿ ಕೂತು ಸಂಡೂರಿಗೆ ಹೋಗಿದ್ದೇನೆ. ನನ್ನ ಸೋಲಿನ ಮಾತು ಬಿಟ್ಟು ಬೇರೆ ಮಾತಾಡಿದ ನೆನಪಿಲ್ಲ.

ಗುಡ್ಡ ಮುಗಿಯಿತು. ಇಳಿಜಾರೂ ಮುಗಿಯಿತು. ಇನ್ನುಳಿದದ್ದು ಸಪಾಟು ರಸ್ತೆ, ಅದರ ಕೊನೆಗೆ ಹುಣಸೆ ಮರ, ಮರದ ಕೆಳಗೆ ಬಳಗ. ಗೆದ್ದೆ ಅಂದುಕೊಂಡೆ. ನೀರು ಕುಡಿಯಲು ನಿಂತೆ. ರಮಾ ಕಾರಿನಿಂದ ಇಳಿದು ಬಂದಳು. ಹ್ಯಾಂಡಲ್ ಮೇಲೆ ಕೈ ಇಟ್ಟಳು. ಬೆಲ್ಲನ್ನು ಒಮ್ಮೆ ಮೆಲ್ಲಗೆ ಬಾರಿಸಿದಳು. ಏನೂ ಕೇಳಲಿಲ್ಲ.

ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ನಿಜ ಹೇಳುತ್ತೇನೆ, ಕೊಡಲು ಮನಸ್ಸಿರಲಿಲ್ಲ. ಇಷ್ಟು ವರ್ಷದ ಸೋಲು, ಇಷ್ಟು ಎತ್ತರದ ಗುಡ್ಡ, ಇನ್ನು ಕಣ್ಣಳತೆಯ ದಾರಿ. ಗುರುರಾಜರ ಮುಖ ಹೇಗಾಗುತ್ತದೆ ಅಂತ ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದೆ. ಆದರೆ ಆ ಕೈ ಹ್ಯಾಂಡಲ್ ಬಿಡುತ್ತಿರಲಿಲ್ಲ.

"ಕಾರಿನ ಕೀಲಿ ಕೊಡು" ಅಂದೆ.

"ಬ್ಯಾಡಕ್ಕಾ. ಬಿದ್ರ?"

"ಹಗೂರ ಹೋಗು."

ಸೆರಗು ಸಿಕ್ಕಿಸಿದಳು. ನನ್ನ ಹೆಲ್ಮೆಟ್ ಹಾಕಿಕೊಂಡಳು. ಒಂದು ಕಾಲು ಪೆಡಲ್ ಮೇಲಿಟ್ಟು ಕುಪ್ಪಳಿಸುತ್ತಾ ಹೋಗಿ ಹತ್ತಿದಳು. ಸ್ವಲ್ಪ ವಾಲಿದಳು, ನನ್ನ ಜೀವ ಬಾಯಿಗೆ ಬಂತು. ಆಮೇಲೆ ನೆಟ್ಟಗಾದಳು. ನಾನು ಇಡ್ಲಿ ಡಬ್ಬಿಗಳ ಜೊತೆ ಕಾರಿನಲ್ಲಿ, ಮೊದಲನೇ ಗಿಯರಿನಲ್ಲಿ, ಹಿಂದೆ ಹೊರಟೆ. ಗಾಳಿ ತುಂಬಿದ ಸೀರೆ, ಎರಡೂ ಕಡೆ ಜೋಳದ ಹೊಲ, ಹಿಂದೆ ಹಸಿರು ಗುಡ್ಡ. ರಸ್ತೆ ಅವಳಿಗಾಗಿಯೇ ಹಾಸಿದಂತಿತ್ತು. ನಮ್ಮ ಬಳಗದಲ್ಲಿ ಎಷ್ಟೋ ಸೈಕಲ್ಲುಗಳ ಫೋಟೊ ತೆಗೆದಿದ್ದೇನೆ, ಇಷ್ಟು ಚೆಂದದ್ದನ್ನು ಕಂಡಿರಲಿಲ್ಲ. ಫೋಟೊ ತೆಗೆಯುವುದು ನೆನಪಾಗಲೇ ಇಲ್ಲ.

ಹುಣಸೆ ಮರದ ಕೆಳಗೆ ಗುರುರಾಜ್ ತಮ್ಮ ಹೊಸ ಬ್ರೇಕಿನ ಬಗ್ಗೆ ಯಾರಿಗೋ ವಿವರಿಸುತ್ತಿದ್ದರು. ಬೆಲ್ಲು ಕೇಳಿ ತಿರುಗಿದರು. "ಬಂದ್ರು ನೋಡ್ರಿ ಮೇಡಂ" ಅನ್ನಲು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ಉಳಿಯಿತು.

"ರಮಾ? ಏ... ನಿನಗ ಸೈಕಲ್ ಬರ್ತದೇನು?"

ಅವಳು ನಿಲ್ಲಲಿಲ್ಲ. ಅವರನ್ನು ದಾಟಿ, ಮರವನ್ನು ಸುತ್ತು ಹಾಕಿ, ಮತ್ತೆ ರಸ್ತೆಗಿಳಿದಳು. "ನೀವು ಯಾವತ್ತರ ಕೇಳೀರೇನು?" ಅಂದಳು ಹೋಗುತ್ತಲೇ. "ಇಡ್ಲಿ ಕಾರಿನಾಗವ, ತಗೊಂಡು ತಿನ್ರಿ. ನಾ ಇನ್ನೊಂದು ಸುತ್ತು ಹೋಗಿ ಬರ್ತೀನಿ!"

ಹೀಗೆ ಈ ವರ್ಷವೂ ನಾನು ಸಂಡೂರಿಗೆ ಕಾರಿನಲ್ಲೇ ಬಂದಿಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ರಸ್ತೆಯ ಕಡೆಗೇ ನೋಡುತ್ತಿದ್ದರು. ಗುರುರಾಜ್ ಕೈಯಲ್ಲಿ ಇಡ್ಲಿ ಹಿಡಿದುಕೊಂಡು ತಿನ್ನುವುದನ್ನೇ ಮರೆತಿದ್ದರು. ಕೆಟ್ಟ ಗಂಡನೇನಲ್ಲ ಪಾಪ, ನೋಡುತ್ತಾ ನೋಡುತ್ತಾ ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಕೇಳಿರಲಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲಿ ಯಾರಿಗೆ ಸೈಕಲ್ ಬರುತ್ತದೆ, ಕೇಳಿದ್ದೀರಾ?