ತಂಗಿಯ ದನಿಯನ್ನು ವಾಪಸ್ ಕೊಟ್ಟದ್ದು

ನನ್ನ ತಂಗಿಗೆ ಉಪ್ಪಿಟ್ಟು ಸೇರುವುದಿಲ್ಲ ಅನ್ನುವುದು ನಮಗೆ ಗೊತ್ತಾದದ್ದು ಅವಳ ಹದಿನಾಲ್ಕನೇ ವರ್ಷದಲ್ಲಿ. ಹುಟ್ಟುವಾಗ ಉಸಿರು ಕಟ್ಟಿ ಅವಳ ಕೈಕಾಲು ಬಿಗಿದುಕೊಂಡಿದ್ದವು, ಮಾತು ಬರಲೇ ಇಲ್ಲ. ಆದರೆ ನಾವಾಡಿದ್ದೆಲ್ಲ ಅರ್ಥವಾಗುತ್ತಿತ್ತು. ಹೌದೆನ್ನಲು ಗಲ್ಲ ಎತ್ತುತ್ತಿದ್ದಳು, ನೋವಾದರೆ ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದಳು. ಅಕ್ಕೂರಿನ ನಮ್ಮ ಮನೆ ಅಷ್ಟರಲ್ಲೇ ನಡೆದುಕೊಂಡು ಬಂದಿತ್ತು.

ಚನ್ನಪಟ್ಟಣದ ವಿಶೇಷ ಶಾಲೆಯವರು ಆ ವರ್ಷ ಅವಳಿಗೊಂದು ಟ್ಯಾಬ್ ಕೊಟ್ಟರು. ಪರದೆಯ ತುಂಬ ಚಿತ್ರಗಳು, ಒತ್ತಿದರೆ ಒಬ್ಬ ಹೆಂಗಸಿನ ದನಿ ಮಾತಾಡುತ್ತಿತ್ತು. ಬೆರಳು ಜಾರದಂತೆ ಮೇಲೆ ತೂತುಗಳಿದ್ದ ಪ್ಲಾಸ್ಟಿಕ್ ಹಾಳೆ ಕೂರಿಸಿದ್ದರು. ಮೊದಲ ವಾರವೇ ಒಂದು ಬೆಳಿಗ್ಗೆ, ಅಮ್ಮ ತುತ್ತು ಎತ್ತಿದಾಗ, ಎಡಗೈ ತೋರುಬೆರಳನ್ನು ಕಷ್ಟಪಟ್ಟು ಊರಿ ಅವಳು ಹೇಳಿಸಿದಳು: "ನನಗೆ ಉಪ್ಪಿಟ್ಟು ಬೇಡ."

ಅಮ್ಮ ತಟ್ಟೆ ಕೆಳಗಿಟ್ಟು ಅತ್ತುಬಿಟ್ಟಳು. "ಅಯ್ಯೋ ಕಂದಾ, ಇಷ್ಟ್ ವರ್ಷ ಸುಮ್ನೆ ತಿನ್ಸ್‌ಬುಟ್ನಲ್ಲಾ."

ಆಮೇಲಿನ ನಾಲ್ಕು ವರ್ಷ ಅವಳು ಮನೆಯಲ್ಲಿ ಜಗಳವಾಡಿದಳು, ನನ್ನ ಸೀರೆ ಚೆನ್ನಾಗಿಲ್ಲ ಅಂದಳು. ಗಲ್ಲ ಎತ್ತುವುದನ್ನು ಬಿಟ್ಟೇಬಿಟ್ಟಳು. ನಾವೂ ಅವಳ ಮುಖ ನೋಡಿ ಊಹಿಸುವುದನ್ನು ಮರೆತೆವು.

ಹದಿನೆಂಟಕ್ಕೆ ಇನ್ನೂ ಕೆಲವು ತಿಂಗಳಿರುವಾಗ ಶಾಲೆಯವರು ಅವಳನ್ನು ಒಂದು ಬೊಂಬೆ ಕಾರ್ಖಾನೆಗೆ ಎರಡು ವಾರ ಕಳಿಸಿದರು. ಅರಗಿನ ಬಣ್ಣ ಸಮನಾಗಿ ಕೂತಿಲ್ಲದ ಬೊಂಬೆಗಳನ್ನು ಗುರುತಿಸುವ ಕೆಲಸ. ಮೇಜಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತು "ಇಲ್ಲಿ ಬಣ್ಣ ತೆಳುವಾಗಿದೆ", "ಇದು ಬಿರುಕು ಬಿಟ್ಟಿದೆ" ಎಂದು ಒತ್ತುತ್ತಿದ್ದಳು. ಕಾರ್ಖಾನೆಯ ಸಾಹೇಬರು ನನ್ನನ್ನು ಕರೆದು, "ಇವಳ ಕಣ್ಣು ನಮ್ಮವರಿಗಿಂತ ಚುರುಕು ಐತೆ ಕಣಮ್ಮ. ಶಾಲೆ ಮುಗೀಲಿ, ಬಂದ್ಬಿಡ್ಲಿ," ಅಂದರು. ಅವತ್ತು ಮನೆ ಮುಟ್ಟುವವರೆಗೂ ಅವಳು ಆಟೋದಲ್ಲಿ "ಕೆಲಸ" ಎಂಬ ಚಿತ್ರವನ್ನೇ ಒತ್ತುತ್ತಿದ್ದಳು.

ಶಾಲೆ ಮುಗಿಯಿತು. ಟೀಚರ್ ಮನೆಗೇ ಬಂದು ನನ್ನನ್ನು ಹೊರಗೆ ಕರೆದರು. "ಟ್ಯಾಬ್ ಶಾಲೆ ಮಕ್ಕಳಿಗೆ ಅಂತ ಬಂದಿರೋದು. ಅವಳೀಗ ದೊಡ್ಡವಳು, ನಮ್ಮ ಲೆಕ್ಕದಲ್ಲಿಲ್ಲ. ನಂಗೂ ಬೇಜಾರೇ, ಏನ್ ಮಾಡ್ಲಿ ಹೇಳಿ. ಅದಕ್ಕೆ ಇನ್ನೊಂದು ಹುಡುಗಿ ಕಾಯ್ತಾ ಇದಾಳೆ."

ಹೊಸದನ್ನು ಕೊಳ್ಳುವುದು ನಮ್ಮಿಂದಾಗುವ ಮಾತಾಗಿರಲಿಲ್ಲ. ತಂಗಿಗೆ ನಾನೇ ಹೇಳಬೇಕಿತ್ತು. ಹೇಳಲಿಲ್ಲ. ಅಮ್ಮ ಅವಳಿಗೆ ಸ್ನಾನ ಮಾಡಿಸುತ್ತಿದ್ದಾಗ ಟ್ಯಾಬನ್ನು ಚೀಲಕ್ಕೆ ಹಾಕಿ ಟೀಚರ್ ಕೈಗೆ ಕೊಟ್ಟುಬಿಟ್ಟೆ. ಎದುರಿಗೆ ತೆಗೆದುಕೊಂಡರೆ ಏನೆನ್ನುತ್ತಾಳೋ ಅನ್ನುವ ಹೆದರಿಕೆ. ಒದ್ದೆ ಕೂದಲಲ್ಲಿ ಬಂದವಳು ಮಂಚ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೇಳಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ನನ್ನ ಹಳೇ ಫೋನಿನಲ್ಲಿ ಅಂಥದ್ದೇ ಒಂದು ಆ್ಯಪ್ ಹಾಕಿಕೊಟ್ಟೆ. ಅವಳ ಒಂದು ಬೆರಳಿಗೆ ಮೂರು ಚಿತ್ರ ಒಟ್ಟಿಗೆ ಸಿಕ್ಕುತ್ತಿದ್ದವು. ಎರಡನೇ ದಿನ ಫೋನನ್ನು ಕೆಳಗೆ ತಳ್ಳಿದಳು.

ಸಾಹೇಬರು ಮಾತು ತಪ್ಪಲಿಲ್ಲ. ಟ್ಯಾಬ್ ಬದಲು ಮೇಜಿನ ಮೇಲೊಂದು ಗಂಟೆ ಇಟ್ಟರು. ಅವಳು ಬಾರಿಸುತ್ತಿದ್ದಳು. ಯಾವ ಬೊಂಬೆ, ಏನು ತಪ್ಪು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದವರು ಮೊದಮೊದಲು ಎದ್ದು ಬರುತ್ತಿದ್ದರು, ಆಮೇಲೆ ತಲೆ ಎತ್ತುವುದನ್ನೂ ನಿಲ್ಲಿಸಿದರು. ಒಂದೇ ವಾರ. ಮುಂದಿನ ಸೋಮವಾರ ಆಟೋ ಬಂದಾಗ ಅವಳು ಮೈಯನ್ನೆಲ್ಲ ಬಿಗಿ ಮಾಡಿಕೊಂಡಳು, ಕುರ್ಚಿಗೆ ಕೂರಿಸಲಾಗಲಿಲ್ಲ.

ಅಂಗವಿಕಲರಿಗೆ ಸಲಕರಣೆ ಕೊಡುವ ಶಿಬಿರ ರಾಮನಗರದಲ್ಲಿದೆ ಅಂತ ಕೇಳಿ ಕರೆದುಕೊಂಡು ಹೋದೆ.

"ಕಿವಿ ಕೇಳಲ್ವಾ?" ಅಲ್ಲಿದ್ದವರು ನನ್ನನ್ನು ಕೇಳಿದರು.

"ಕೇಳ್ತದೆ ಸರ್. ಮಾತು ಬರಲ್ಲ. ಮಾತಾಡೋ ಟ್ಯಾಬ್ ಬೇಕಿತ್ತು."

ಅವರು ಹಾಳೆ ತಿರುಗಿಸಿದರು. "ಅದು ಲಿಸ್ಟಲ್ಲಿಲ್ಲಮ್ಮ. ಗಾಲಿಕುರ್ಚಿ ಐತೆ, ತಗೊಂಡೋಗಿ."

ಗಾಲಿಕುರ್ಚಿಯಲ್ಲೇ ಕೂತಿದ್ದಾಳಲ್ಲ ಅಂದೆ. ಹಿಂದೆ ಸಾಲು ಉದ್ದವಿತ್ತು. ಸಹಿ ಹಾಕಿ ಇನ್ನೊಂದನ್ನು ತಂದೆ. ಅದೀಗ ರೇಷ್ಮೆಹುಳುವಿನ ಕೋಣೆಯಲ್ಲಿದೆ, ಅಮ್ಮ ಅದರ ಮೇಲೆ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಇಡುತ್ತಾಳೆ.

ತಂಗಿಗೆ ಈಗ ಇಪ್ಪತ್ತೊಂದು. ಗಲ್ಲ ಎತ್ತು ಎಂದು ಎಷ್ಟು ಬೇಡಿಕೊಂಡರೂ ಎತ್ತುವುದಿಲ್ಲ. ಮರೆತಿಲ್ಲ, ಅದು ನನಗೆ ಗೊತ್ತು. ಹೋದ ತಿಂಗಳು ಚಿಕ್ಕಮ್ಮ ಬಂದು, "ಕಬ್ಬಾಳು ದೇವಸ್ಥಾನಕ್ಕೆ ಹೊಂಟಿವ್ನಿ, ಅವ್ಳೂ ಬತ್ತಾಳಾ?" ಎಂದು ನನ್ನನ್ನು ಕೇಳಿದರು. ಅವಳು ಅಲ್ಲೇ ಜಗಲಿಯಲ್ಲಿದ್ದಳು. "ಇಲ್ಲ ಚಿಕ್ಕಮ್ಮ, ಅವಳಿಗೆ ಆಯಾಸ ಆಗ್ತದೆ," ಅಂದುಬಿಟ್ಟೆ. ಚಿಕ್ಕಮ್ಮ ಹೊರಟುಹೋದರು. ತಂಗಿ ರಸ್ತೆಯ ಕಡೆಗೇ ನೋಡುತ್ತಿದ್ದಳು. ಅವಳಿಗೆ ಹೋಗಬೇಕೆಂದಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.