ಬಾಗಿಲಲ್ಲಿ ಕೇಳಿದ ಪ್ರಶ್ನೆ

ಮೊನ್ನೆ ನನ್ನ ಅಂಗಿಯ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಶೀಟು ಚರಪರ ಎಂದಿತು. ಮನೆಯಲ್ಲಿ ಹೊರಗಿನವರಿದ್ದರು. ಸದ್ದು ಕೇಳದಂತೆ ಅಂಗೈಯಿಂದ ಅದುಮಿದೆ. ಆಗಲೇ ಸಿಸ್ಟರ್ ನೆನಪಾದದ್ದು... ಜಗಳೂರಿನ ಆಚೆಗಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದವರು. ಊರೆಲ್ಲ ಹಾಗೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ.

ಆಗ ನಾನು ಆರೋಗ್ಯ ಸಮೀಕ್ಷೆಯೊಂದರ ಕೆಲಸದಲ್ಲಿದ್ದೆ. ಹೊನ್ನಾಳಿ, ಚನ್ನಗಿರಿ, ಜಗಳೂರು ಎಂದು ಬಸ್ಸಿನಲ್ಲಿ ಅಲೆದಾಟ. ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮನೆ ಮನೆಯಲ್ಲಿ ಕೇಳಿ ಬರೆದದ್ದು ಒಂದು ಕಡೆ, ಉಪಕೇಂದ್ರದ ದಾಖಲೆ ಇನ್ನೊಂದು ಕಡೆ. ಎರಡೂ ಎಷ್ಟು ತಾಳೆಯಾಗುತ್ತವೆ ಎಂದು ಅಳೆಯಬೇಕು. ಕಣ್ಣು ಮುಚ್ಚಿ ಹೌದು, ಇಲ್ಲ ಎಂದು ಬರೆದರೂ ಕೆಲವು ಹೇಗೋ ತಾಳೆಯಾಗಿಬಿಡುತ್ತವೆ. ಅಂಥ ಅದೃಷ್ಟದ ತಾಳೆಯನ್ನು ಕಳೆದು, ಉಳಿದದ್ದನ್ನಷ್ಟೇ ನಂಬುವ ಲೆಕ್ಕ ಅದು. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ದಿನಾ ಬೆರಳದ್ದಿ ನೋಡುವ ನನಗೆ ಹೇಳಿ ಮಾಡಿಸಿದ ಕೆಲಸ.

ಸಿಸ್ಟರ್ ಊರಿನಲ್ಲಿ ತಾಳೆ ತೀರಾ ಕೆಟ್ಟಿತ್ತು. ಅವರ ದಾಖಲೆಯ ಪ್ರಕಾರ ಮಾತ್ರೆ ಪಡೆಯುತ್ತಿದ್ದ ಹೆಂಗಸರು ಮನೆ ಬಾಗಿಲಲ್ಲಿ ನಮಗೇನೂ ಇಲ್ಲ ಎಂದಿದ್ದರು. ಹಾಗಾದರೆ ಮಾತ್ರೆ ಎಲ್ಲಿ ಹೋಯಿತು? ಮೇಲಿನವರಿಗೆ ಅನುಮಾನ. ನನಗೆ ಅನುಮಾನವೂ ಇರಲಿಲ್ಲ, ಸಿಸ್ಟರೇ ಮಾರಿಕೊಂಡಿದ್ದಾರೆ ಎಂದು ತೀರ್ಮಾನಿಸಿದ್ದೆ. ಅವರದು ಗುತ್ತಿಗೆ ನೌಕರಿ, ಹೋದರೆ ಹೋದಂತೆ.

ಅವರೂ ನನ್ನನ್ನು ನಂಬಲಿಲ್ಲ. ನನ್ನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿದರು. ದಾಖಲೆಯಲ್ಲಿದ್ದ ಒಬ್ಬ ಹೆಂಗಸಿನ ಮನೆ ತೋರಿಸಿ ಎಂದರೆ ಇವತ್ತು ಬೇಡ ಎಂದರು. ಅಲ್ಲಿ ಮಗಳನ್ನು ನೋಡಲು ಗಂಡಿನವರು ಬಂದಿದ್ದಾರಂತೆ. ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡು ನಾನು ಪಟ್ಟು ಹಿಡಿದೆ.

ಸಿಸ್ಟರ್ ಮುಂಬಾಗಿಲು ಬಿಟ್ಟು ಹಿತ್ತಲಿನ ಕುರಿದೊಡ್ಡಿಗೆ ಕರೆದೊಯ್ದರು. ಅಲ್ಲಿಂದ ಆ ಹೆಂಗಸಿಗೆ ಮಿಸ್ ಕಾಲ್ ಕೊಟ್ಟರು. ಹುಡುಗಿಯ ತಾಯಿ ಹೊಸ ಸೀರೆಯುಟ್ಟು ಹೊರಬಂದವರು ನನ್ನನ್ನು ಕಂಡು ಹಿಂದೆ ಸರಿದರು. ಹೆದರಬೇಡ, ಇವರು ಯಾರಿಗೂ ಹೇಳುವುದಿಲ್ಲ ಎಂದು ಸಿಸ್ಟರ್ ನನ್ನ ಪರವಾಗಿ ಮಾತು ಕೊಟ್ಟರು. ಆಕೆ ಎಲೆಅಡಿಕೆ ಚೀಲದಿಂದ ಅರ್ಧ ಖಾಲಿಯಾದ ಶೀಟು ತೆಗೆದು ತೋರಿಸಿದರು.

"ತಾಯಿಗೆ ಸಕ್ಕರೆ ಐತೆ ಅಂದ್ರೆ ಮಗಳಿಗೂ ಬರ್ತೈತೆ ಅಂತಾರ್ರೀ. ಬಾಗಿಲಾಗೆ ನಿಂತು ಎಲ್ಲರ ಮುಂದೆ ಕೇಳಿದ್ರೆ ಹೆಂಗೆ ಹೇಳಾಕೆ ಆಗ್ತೈತೆ?"

ವಾಪಸ್ ಬರುವಾಗ, ಇದನ್ನೇ ವರದಿಯಲ್ಲಿ ಬರೆದರೆ ನೀವು ಪಾರಾಗುತ್ತೀರಿ ಎಂದೆ. ಬರೆದರೆ ನಿಜವೋ ಸುಳ್ಳೋ ನೋಡಲು ಮೇಲಿನವರ ಜೀಪು ಬರುತ್ತದೆ, ಅದೇ ಬಾಗಿಲಲ್ಲಿ ನಿಲ್ಲುತ್ತದೆ ಎಂದರು.

"ಅನುಮಾನ ನನ್ನ ಮ್ಯಾಲೇ ಇರ್ಲಿ ಬಿಡ್ರೀ ಸಾರ್. ನಂದೇನು, ಮದ್ವೆ ಆಗಿ ಮುಗದೈತೆ."

ನನಗೆ ನಗು ಬಂತು, ಪೆನ್ನನ್ನು ಜೇಬಿಗೆ ಸೇರಿಸಿದೆ. ವರದಿಯಲ್ಲಿ ತಾಳೆ ಕಡಿಮೆ ಎಂದಷ್ಟೇ ಹೋಯಿತು, ಕಾರಣ ಹೋಗಲಿಲ್ಲ. ಸಿಸ್ಟರ್ ಕದ್ದರು ಎಂಬುದು ಯಾವತ್ತೂ ಸಾಬೀತಾಗಲಿಲ್ಲ. ಆದರೂ ಮುಂದಿನ ಸಲ ಅವರ ಗುತ್ತಿಗೆ ಮುಂದುವರಿಯಲಿಲ್ಲ. ನ್ಯಾಮತಿಯ ತವರಿಗೆ ಹೋದರು ಎಂದು ಕೇಳಿದೆ. ಆ ಹುಡುಗಿಯ ಮದುವೆ ಆಯಿತಂತೆ. ಹೋದ ವರ್ಷ ಸಿಸ್ಟರ್ ತೀರಿಕೊಂಡ ಸುದ್ದಿ ಬಂತು... ಅಂಥವರು ಇನ್ನು ಸಿಗುವುದಿಲ್ಲ.

ಮೊನ್ನೆ ಮನೆಯಲ್ಲಿದ್ದ ಹೊರಗಿನವರು ನನ್ನ ಮಗಳನ್ನು ನೋಡಲು ಬಂದವರು. ಅದೇ ಹೊತ್ತಿಗೆ ಸಮೀಕ್ಷೆಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು ಬಾಗಿಲಿಗೆ ಬಂದಳು. ನಿಮಗೆ ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದಳು. ಒಳಗೆ ನಡೆಯುತ್ತಿದ್ದ ಮಾತು ನಿಂತಿತು. ಜೇಬನ್ನು ಅದುಮಿಕೊಂಡೇ "ಇಲ್ಲಮ್ಮ" ಎಂದೆ. ಅವಳು ಹಾಗೇ ಗುರುತು ಹಾಕಿಕೊಂಡು ಹೋದಳು.

ನನಗೆ ತಿಂಗಳು ತಿಂಗಳು ಮಾತ್ರೆ ಕೊಡುವ ನರ್ಸಮ್ಮನ ಮೇಲೆ ಈಗ ಯಾವನೋ ನನ್ನಂಥವನು ಕಣ್ಣಿಟ್ಟಿರುತ್ತಾನೆ.